ತುಂಡು ಬಟ್ಟೆಯ ಲೆಕ್ಕ ಬಲ್ಲ ಕೈಗಳು

ನಮ್ಮಲ್ಲಿ ಹೆಚ್ಚಿನ ಮನೆಗಳ ಕಪಾಟಿನ ಮೇಲೆ, ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ, ಒಂದು ದಪ್ಪ ಕಂಬಳಿ ಇರುತ್ತದೆ. ಹುಲಿಯದ್ದೋ ದೊಡ್ಡ ಗುಲಾಬಿ ಹೂವಿನದ್ದೋ ಚಿತ್ರ ಇರುವ ಕಂಬಳಿ. ಮಗನೋ ಅಳಿಯನೋ ಗಲ್ಫಿನಿಂದ ಬರುವಾಗ ತಂದದ್ದು. ನೆಂಟರು ಬಂದಾಗ ಮಾತ್ರ ಅದು ಕೆಳಗಿಳಿಯುತ್ತದೆ. ಇದು ಬರುವ ಮೊದಲು ಮಳೆಗಾಲದಲ್ಲಿ ಎಂತ ಹೊದೆಯುತ್ತಿದ್ದಿರಿ ಎಂದು ಮನೆಯ ಹಿರಿಯ ಹೆಂಗಸರನ್ನು ಕೇಳಿದರೆ ಸ್ವಲ್ಪ ಯೋಚಿಸಿ ಹೇಳುತ್ತಾರೆ: ಹಳೆ ಸೀರೆಯನ್ನು ಪದರ ಮಾಡಿ ಹೊಲಿದದ್ದು, ಲುಂಗಿ-ಮುಂಡು ಸೇರಿಸಿ ಹೊಲಿದದ್ದು, ಹಡೆದ ಮನೆಗೆ ಅಂತ ಮೆತ್ತಗಿನ ಹತ್ತಿ ಬಟ್ಟೆ ಆಯ್ದು ಮಾಡಿದ ಮಗುವಿನ ಹಾಸು. ಒಂದೊಂದು ಮನೆಯಲ್ಲಿ ಅದಕ್ಕೆ ಒಂದೊಂದು ಹೆಸರು. ಯಾರೂ ಅದನ್ನು ಕಲೆ ಅಂತ ಕರೆದವರಲ್ಲ. "ಇಲ್ಲದ ಕಾಲದಲ್ಲಿ ಹಾಗೆ ಮಾಡ್ತಿದ್ದದ್ದು" ಅಂತ ಒಂದೇ ಮಾತಿನಲ್ಲಿ ಮುಗಿಸಿ ಬಿಡುತ್ತಾರೆ.

ಆ ಮಾತನ್ನು ಅಲ್ಲಿಗೇ ಬಿಡಬಾರದು ಅಂತ ನಮಗೆ ಅನಿಸುತ್ತದೆ. ಇಲ್ಲದ ಕಾಲ ಎಂಬುದು ನಿಜ. ಆದರೆ ಮನೆಯಲ್ಲಿ ಉಳಿದ ಹತ್ತು ಬಗೆಯ ತುಂಡುಗಳಲ್ಲಿ ಯಾವುದನ್ನು ಎಲ್ಲಿ ಇಡಬೇಕು, ಯಾವುದರ ಮೇಲೆ ಯಾವುದು ಬರಬೇಕು, ಎಲ್ಲಿ ಎರಡು ಪದರ ಸಾಕು, ಎಲ್ಲಿ ಮೂರು ಬೇಕು ಎಂಬುದನ್ನು ಕೂತಲ್ಲೇ ತೀರ್ಮಾನ ಮಾಡುತ್ತಿದ್ದವರು ಆ ಹೆಂಗಸರೇ. ನಕ್ಷೆ ಇಲ್ಲ, ಅಳತೆ ಪಟ್ಟಿ ಇಲ್ಲ, ಹೇಳಿಕೊಡುವ ಟೀಚರ್ ಇಲ್ಲ. ಈ ತೀರ್ಮಾನ ಮಾಡುವ ಅಧಿಕಾರ ಯಾರ ಕೈಯಲ್ಲಿ ಉಂಟು ಎಂಬುದೇ ತುಂಡು ಬಟ್ಟೆಯ ಹೊಲಿಗೆಯ ಮುಖ್ಯ ಪ್ರಶ್ನೆ. ಇದಕ್ಕೆ ಎರಡು ಊರುಗಳ ಕಥೆ ಹೇಳಬೇಕು. ಒಂದು ನಮ್ಮ ಪಕ್ಕದ ಉತ್ತರ ಕನ್ನಡದ್ದು, ಇನ್ನೊಂದು ಅಮೆರಿಕದ್ದು.

ಘಟ್ಟದ ಮೇಲಿನ ಕವಂದಿ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಅಂಕೋಲಾ ಕಡೆಯ ಕಾಡಂಚಿನ ಊರುಗಳಲ್ಲಿ ಸಿದ್ದಿ ಸಮುದಾಯದವರು ಇದ್ದಾರೆ. ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲೂ ಉಂಟು ಕೆಲವು ಊರು. ಇವರ ಹಿರಿಯರು ಆಫ್ರಿಕಾದಿಂದ ಬಂದವರು. ಹಲವರು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವಾಕ್ಕೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಸಿದ್ದಿಗಳಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು.

ಈ ಮೂರೂ ಧರ್ಮದ ಸಿದ್ದಿ ಹೆಂಗಸರಿಗೆ ಸಮಾನವಾಗಿ ಇರುವ ಒಂದು ಕೆಲಸ ಕವಂದಿ ಹೊಲಿಯುವುದು. ಉತ್ತರ ಕರ್ನಾಟಕದಲ್ಲಿ ಕೌದಿ ಅನ್ನುತ್ತಾರಲ್ಲ, ಅದೇ ಮಾತು ಇವರ ಬಾಯಲ್ಲಿ ಕವಂದಿ. ಹಳೆ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಹಾಸು ಮತ್ತು ಹೊದಿಕೆ. ಒಳಗೆ ಹತ್ತಿ ತುಂಬುವ ಕ್ರಮ ಇಲ್ಲ. ಬಟ್ಟೆಯ ಮೇಲೆ ಬಟ್ಟೆ ಬಂದು, ಆ ಪದರಗಳೇ ಅದಕ್ಕೆ ದಪ್ಪ ಕೊಡುತ್ತವೆ. ಘಟ್ಟದ ಮೇಲಿನ ಚಳಿಗೆ, ಮಳೆಗೆ ಅದು ಸಾಕು.

ಹೊಲಿಯುವ ಕ್ರಮ ಗಮನಿಸಬೇಕಾದದ್ದು. ಮೊದಲು ಕೆಳಗೆ ಒಂದು ಸೀರೆ ಹಾಸುತ್ತಾರೆ. ಅದು ಅಡಿಪದರ. ಆಮೇಲೆ ಒಂದು ಮೂಲೆಯಿಂದ ಶುರು. ಅಂಚಿಗೆ ಒಂದು ತುಂಡು ಇಟ್ಟು, ಅದರ ತುದಿಯನ್ನು ಒಳಗೆ ಮಡಚಿ, ಸೀರೆ ಸಮೇತ ಸೂಜಿ ದಾಟಿಸಿ ನೇರ ಹೊಲಿಗೆ ಹಾಕುತ್ತಾ ಹೋಗುತ್ತಾರೆ. ತುಂಡು ಮುಗಿಯುವಲ್ಲಿ ಇನ್ನೊಂದು ತುಂಡು. ಹೀಗೆ ನಾಲ್ಕೂ ಅಂಚು ಸುತ್ತಿ ಬಂದು, ಎರಡನೇ ಸುತ್ತು ಅದರ ಒಳಗೆ, ಮೂರನೆಯದು ಇನ್ನೂ ಒಳಗೆ. ಕೊನೆಗೆ ಹೊಲಿಗೆ ನಡುವಿಗೆ ಬಂದು ನಿಲ್ಲುತ್ತದೆ. ಮೇಲ್ಪದರ ಜೋಡಿಸುವುದು, ಪದರಗಳನ್ನು ಒಟ್ಟಿಗೆ ಹಿಡಿದು ಹೊಲಿಯುವುದು ಎಂಬ ಎರಡು ಕೆಲಸ ಇಲ್ಲ. ಎರಡೂ ಒಂದೇ ಹೊಲಿಗೆಯಲ್ಲಿ ಆಗಿ ಹೋಗುತ್ತದೆ. ಹೊಲಿಗೆಯ ಸಾಲುಗಳು ಅಂಚಿಗೆ ಸಮಾನವಾಗಿ, ಗದ್ದೆಯಲ್ಲಿ ಉತ್ತ ಸಾಲಿನ ಹಾಗೆ ಕಾಣುತ್ತವೆ.

ಕೊನೆಯಲ್ಲಿ ನಾಲ್ಕು ಮೂಲೆಗೆ 'ಫೂಲ್' ಇಡುತ್ತಾರೆ. ಹೆಸರು ಹೂವು ಅಂತ ಇದ್ದರೂ ಅದು ಚೌಕದ ಬಟ್ಟೆಯನ್ನು ಮಡಚಿ ಮಾಡಿದ ಸಣ್ಣ ತ್ರಿಕೋನ. ಹೊದೆಯುವವರಿಗೆ ಅದರಿಂದ ಬೆಚ್ಚಗೇನೂ ಹೆಚ್ಚಾಗುವುದಿಲ್ಲ. ಆದರೂ ಫೂಲ್ ಇಲ್ಲದ ಕವಂದಿ ಪೂರ್ತಿ ಆಗಲಿಲ್ಲ ಎಂದೇ ಲೆಕ್ಕ. ಚಿಂದಿ ಬಟ್ಟೆಯಲ್ಲಿ ಹೊದಿಕೆ ಹೊಲಿಯುವಷ್ಟು ಬಡತನ ಇದ್ದ ಮನೆಯಲ್ಲೂ ಬರೇ ಚಂದಕ್ಕೆ ಅಂತ ನಾಲ್ಕು ತುಂಡು ಎತ್ತಿಡುತ್ತಿದ್ದರು. ಕೆಲವು ಮುಸ್ಲಿಂ ಸಿದ್ದಿ ಹೆಂಗಸರ ಕವಂದಿಯಲ್ಲಿ ಅರ್ಧಚಂದ್ರ, ನಕ್ಷತ್ರ ಕಾಣಿಸುತ್ತದೆ, ಕ್ರೈಸ್ತರದ್ದರಲ್ಲಿ ಶಿಲುಬೆ. ಮಗುವಿಗೆ ಅಂತ ಮಾಡಿದ್ದಾದರೆ ಬಣ್ಣ ಬಣ್ಣದ ಸಣ್ಣ ತುಂಡುಗಳು ಹೆಚ್ಚು.

ಕಣ್ಣಳತೆಯ ಲೆಕ್ಕ

ಸಿಕ್ಕಿದ ತುಂಡು ಸಿಕ್ಕಿದ ಕಡೆ ಇಟ್ಟರೆ ಆಯಿತು ಅಂತ ನೋಡಿದವರಿಗೆ ಕಾಣಬಹುದು. ಹಾಗೆ ಇಟ್ಟು ನೋಡಿ. ಮೂರು ಸಲ ಒಗೆಯುವಷ್ಟರಲ್ಲಿ ಹೊದಿಕೆ ಒಂದು ಕಡೆ ಎಳೆದು, ಇನ್ನೊಂದು ಕಡೆ ಉಬ್ಬಿ, ನಡುವೆ ಹರಿದು ಬರುತ್ತದೆ.

ಹಳೆ ಬಟ್ಟೆ ಎಲ್ಲಾ ಕಡೆ ಒಂದೇ ರೀತಿ ಸವೆಯುವುದಿಲ್ಲ. ಸೀರೆಯಲ್ಲಿ ಮೊದಲು ತೆಳ್ಳಗಾಗುವುದು ಮೈಗೆ ಸುತ್ತಿ ಕೂತು ಏಳುವ ಭಾಗ. ಅಂಚು ಮತ್ತು ಸೆರಗು ಗಟ್ಟಿ ಉಳಿಯುತ್ತದೆ. ಅಂಗಿಯಲ್ಲಿ ಕಾಲರ್, ತೋಳಿನ ತುದಿ ಹೋಗುತ್ತದೆ. ಬೆನ್ನಿನ ಭಾಗ ಇನ್ನೂ ಐದು ವರ್ಷ ಬಾಳುತ್ತದೆ. ಪ್ಯಾಂಟಿನಲ್ಲಿ ಮೊಣಕಾಲು ಮತ್ತು ಹಿಂಬದಿ ಸವೆದರೂ ಮೊಣಕಾಲಿನ ಕೆಳಗಿನ ಬಟ್ಟೆ ಹೊಸದರ ಹಾಗೇ ಇರುತ್ತದೆ. ಕಿಸೆ ಬಿಚ್ಚಿದರೆ ಅದರ ಅಡಿಯಲ್ಲಿ ಬಣ್ಣ ಮಾಸದ ಒಂದು ಚೌಕ. ಲುಂಗಿಯಲ್ಲಿ ಕಟ್ಟುವ ಜಾಗ ಮತ್ತು ಕೆಳಗಿನ ಅಂಚು ಹಾಳು, ನಡುವೆ ಚೆನ್ನಾಗಿರುತ್ತದೆ. ಇದನ್ನೆಲ್ಲ ಕೈಯಲ್ಲಿ ಮುಟ್ಟಿ, ಬೆಳಕಿಗೆ ಹಿಡಿದು ನೋಡಿದವರಿಗೆ ಗೊತ್ತಾಗುತ್ತದೆ. ಗಟ್ಟಿ ತುಂಡು ಅಂಚಿಗೆ, ಯಾಕೆಂದರೆ ಎಳೆದು ಹಿಡಿಯುವುದು ಅಂಚನ್ನು. ಮೆತ್ತಗಿನದ್ದು ಕುತ್ತಿಗೆಗೆ ತಾಗುವ ಕಡೆ. ತೀರಾ ತೆಳ್ಳಗಿನದ್ದು ಪದರದ ಒಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ.

ಬಣ್ಣದ ಮಾತು ಆಮೇಲಿನದ್ದು. ಆದರೆ ಅದೂ ಲೆಕ್ಕವೇ. ಕೆಂಪು ಬಟ್ಟೆ ಒಂದೇ ಗೇಣು ಇದ್ದರೆ ಅದನ್ನು ಒಂದೇ ಮೂಲೆಯಲ್ಲಿ ಖಾಲಿ ಮಾಡುವುದೋ, ನಾಲ್ಕು ಪಟ್ಟಿ ಮಾಡಿ ನಾಲ್ಕು ಕಡೆ ಹಂಚುವುದೋ? ನೀಲಿ ಮುಗಿದು ಹೋಯಿತು, ಸುತ್ತು ಇನ್ನೂ ಮುಗಿಯಲಿಲ್ಲ, ಹಸಿರು ಇಟ್ಟರೆ ಹೇಗೆ? ಕೈಯಲ್ಲಿ ಸೂಜಿ ಇರುವಾಗಲೇ ಉತ್ತರ ಕಂಡುಕೊಳ್ಳಬೇಕು. ಪೇಟೆಯಿಂದ ಇನ್ನೊಂದು ಮೀಟರ್ ತರುವ ಮಾತಿಲ್ಲ. ಕೊರತೆ ಬಂದಲ್ಲಿಯೇ ಹೊದಿಕೆಯ ವಿನ್ಯಾಸ ತಿರುವು ತೆಗೆದುಕೊಳ್ಳುತ್ತದೆ. ಹಳೆ ಕೌದಿಗಳಲ್ಲಿ ನಾಲ್ಕು ಬದಿಯೂ ಒಂದೇ ತರ ಇಲ್ಲದಿರುವುದಕ್ಕೆ, ಎಲ್ಲೋ ಒಂದು ಕಡೆ ಬಣ್ಣ ತಪ್ಪಿದಂತೆ ಕಾಣುವುದಕ್ಕೆ ಕಾರಣ ಇದು. ನೋಡುತ್ತಾ ಹೋದರೆ ಕಣ್ಣಿಗೆ ಹಿಡಿಸುವುದೂ ಅದೇ ಜಾಗ.

ಪ್ರವಾದಿಯವರು ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂಬುದನ್ನು ಮದ್ರಸದಲ್ಲಿ ಕಲಿತು ಬಂದವರು ನಾವು. ತೇಪೆ ಹಾಕಿದ ಬಟ್ಟೆಯನ್ನು ನಾಚಿಕೆಯ ವಸ್ತು ಮಾಡಿದ್ದು ಇತ್ತೀಚಿನ ಕಾಲ.

ಅಮೆರಿಕದ ಒಂದು ಹೊಳೆ ತಿರುವು

ಅಮೆರಿಕದಲ್ಲಿ ಹಳೆ ಕಾಲದ ತುಂಡು ಬಟ್ಟೆಯ ಹೊದಿಕೆಗಳನ್ನು ಈಗ ಪುರಾತನ ವಸ್ತುಗಳ ಅಂಗಡಿಯಲ್ಲಿ ದೊಡ್ಡ ಬೆಲೆಗೆ ಮಾರುತ್ತಾರೆ. ಅದೇ ಶೈಲಿಯಲ್ಲಿ ಹೊಸತಾಗಿ ಹೊಲಿಯುವವರೂ ಲಕ್ಷಗಟ್ಟಲೆ ಇದ್ದಾರೆ. ಹಿಟ್ಟಿನ ಚೀಲ, ಕೋಳಿ ಆಹಾರದ ಚೀಲ ಕೂಡ ಅಲ್ಲಿ ಹೊದಿಕೆ ಆಗಿವೆ. 1930ರ ದಶಕದ ಕಷ್ಟಕಾಲದಲ್ಲಿ ಹೆಂಗಸರು ಈ ಚೀಲಗಳನ್ನು ಬಿಚ್ಚಿ ಬಟ್ಟೆ ಹೊಲಿಯುತ್ತಾರೆ ಎಂದು ತಿಳಿದ ಕಂಪೆನಿಗಳು ಚೀಲದ ಮೇಲೆ ಹೂವಿನ ಡಿಸೈನ್ ಮುದ್ರಿಸಿ ಮಾರಿದವು.

ಆ ದೇಶದಲ್ಲಿ ಈ ಕೆಲಸಕ್ಕೆ ಅತಿ ಹೆಚ್ಚು ಹೆಸರು ಪಡೆದದ್ದು ಅಲಬಾಮಾ ರಾಜ್ಯದ ಜೀಸ್ ಬೆಂಡ್. ಹೊಳೆ ಮೂರು ಕಡೆಯಿಂದ ಸುತ್ತಿಕೊಂಡ ಸಣ್ಣ ಊರು. ಇಲ್ಲಿಯವರು ಹತ್ತಿ ತೋಟದ ಗುಲಾಮರಾಗಿದ್ದ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳು. ಊರಿನಲ್ಲಿ ಹಲವರ ಮನೆ ಹೆಸರು ಪೆಟ್‌ವೇ. ಅದು ಹಿಂದೊಮ್ಮೆ ಅವರ ಹಿರಿಯರನ್ನು ಕೊಂಡಿದ್ದ ಒಡೆಯನ ಹೆಸರು. 1960ರ ದಶಕದಲ್ಲಿ ಇವರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೊರಟಾಗ, ಹೊಳೆ ದಾಟಿಸುವ ದೋಣಿ ಸೇವೆಯನ್ನೇ ನಿಲ್ಲಿಸಿ ಬಿಟ್ಟರು. 1962ರಲ್ಲಿ ನಿಂತ ದೋಣಿ ಮತ್ತೆ ಶುರುವಾದದ್ದು 2006ರಲ್ಲಿ. ಅಷ್ಟು ವರ್ಷ ಆಚೆ ದಡದ ಪೇಟೆಗೆ ಹೋಗಲು ಸುತ್ತಿ ಬಳಸಿ ಹೋಗಬೇಕಾಗಿತ್ತು.

ಈ ಊರಿನ ಹೆಂಗಸರು ಹೊದಿಕೆ ಹೊಲಿದದ್ದು ಚಳಿಗೆ. ಮರದ ಹಲಗೆಯ ಮನೆ, ಸಂದಿಯಲ್ಲಿ ಗಾಳಿ. ಅವರ ಕ್ರಮ ಸಿದ್ದಿಗಳ ಹಾಗಲ್ಲ. ಮೊದಲು ತುಂಡುಗಳನ್ನು ಜೋಡಿಸಿ ಮೇಲ್ಪದರ ಮಾಡುತ್ತಾರೆ, ಆಮೇಲೆ ನಡುವೆ ಹತ್ತಿ ಇಟ್ಟು, ಕೆಳಗೆ ಇನ್ನೊಂದು ಬಟ್ಟೆ ಕೊಟ್ಟು, ಮೂರನ್ನೂ ಸೇರಿಸಿ ಹೊಲಿಯುತ್ತಾರೆ. ಆದರೆ ನಕ್ಷೆ ಇಲ್ಲದೆ, ಇದ್ದ ತುಂಡನ್ನು ನೋಡಿ ಮುಂದಿನದನ್ನು ತೀರ್ಮಾನಿಸುವ ಬುದ್ಧಿ ಎರಡೂ ಕಡೆ ಒಂದೇ. ಯಾವ ಹೆಸರಿನ ಡಿಸೈನ್‌ಗೂ ಸೇರದ ಇಂಥ ಹೊದಿಕೆಯನ್ನು ಅಲ್ಲಿಯವರು 'ನನ್ನ ದಾರಿ' ಎಂದೇ ಕರೆಯುತ್ತಾರೆ.

ಇಬ್ಬರ ಹಿರಿಯರೂ ಆಫ್ರಿಕಾದವರು, ಅದಕ್ಕೇ ಹೋಲಿಕೆ ಅನ್ನುವವರಿದ್ದಾರೆ. ಹಾಗಂತ ಪೂರ್ತಿ ಹೇಳಲಿಕ್ಕೆ ಬರುವುದಿಲ್ಲ. ಆಫ್ರಿಕಾ ಒಂದು ಊರಲ್ಲ. ಸಿದ್ದಿಗಳ ಮೂಲ ಆ ಖಂಡದ ಪೂರ್ವ ಕಡೆ, ಅಮೆರಿಕಕ್ಕೆ ಹೋದವರದ್ದು ಹೆಚ್ಚಾಗಿ ಪಶ್ಚಿಮ ಮತ್ತು ಮಧ್ಯದ ಕಡೆ. ಧಾರವಾಡದ ಕೌದಿ, ಬಂಗಾಳದ ಕಾಂಥಾ, ಸಿಂಧ್‌ನ ರಲ್ಲಿ, ಇವೆಲ್ಲವೂ ಹಳೆ ಬಟ್ಟೆಯನ್ನು ಪದರ ಮಾಡಿ ಹೊಲಿದವೇ. ಬಟ್ಟೆ ಬಿಸಾಡಲು ಮನಸ್ಸಿಲ್ಲದ ಹೆಂಗಸು ಎಲ್ಲೆಲ್ಲಿ ಇದ್ದಳೋ ಅಲ್ಲೆಲ್ಲ ಈ ವಿದ್ಯೆ ಇತ್ತು ಅಂತ ತಿಳಿದುಕೊಂಡರೆ ಸಾಕು.

ಜೀಸ್ ಬೆಂಡ್‌ನ ಹೊದಿಕೆಗಳಲ್ಲಿ ಒಂದರ ಕಥೆ ನಮ್ಮ ಮನೆಗಳಿಗೂ ಅರ್ಥ ಆಗುವಂಥದ್ದು. 1942ರಲ್ಲಿ ಮಿಸೌರಿ ಪೆಟ್‌ವೇ ಎಂಬ ಹೆಂಗಸಿನ ಗಂಡ ತೀರಿಕೊಂಡರು. ಆಕೆ ಅವರು ಹೊಲದಲ್ಲಿ ಹಾಕುತ್ತಿದ್ದ ಬಟ್ಟೆಗಳನ್ನೆಲ್ಲ ತೆಗೆದು ಒಂದು ಹೊದಿಕೆ ಹೊಲಿದರು. ಗಂಡನ ನೆನಪಿಗೆ ಅದನ್ನು ಹೊದ್ದುಕೊಳ್ಳಬೇಕು ಎಂಬುದು ಆಕೆಯ ಮನಸ್ಸು. ಬಟ್ಟೆ ಬಿಡಿಸಿ ಹರಿಯುವಾಗ ಜೊತೆಗೆ ಕೂತು ನೆರವಾಗಿದ್ದ ಮಗಳು ಆರ್ಲೊಂಜಿಯಾ ಮುಂದೆ ಈ ವಿಷಯ ಹೇಳಿದರು. ಅದರಲ್ಲಿ ಮಾಸಿದ ನೀಲಿ, ಬೂದು, ಬಿಳಿ ಪಟ್ಟಿಗಳೇ ಜಾಸ್ತಿ. ದುಡಿದು ಸವೆದ ಬಟ್ಟೆಯ ಬಣ್ಣ ಅದು. ಅಂಗಡಿಯ ಹೊಸ ಬಟ್ಟೆಯಲ್ಲಿ ಅಂಥದ್ದು ಹೊಲಿಯಲು ಬರುವುದಿಲ್ಲ.

ಆರ್ಡರ್ ಬಂದಾಗ ಎಂತ ಆಯಿತು

1966ರಲ್ಲಿ ಜೀಸ್ ಬೆಂಡ್ ಮತ್ತು ಅದರ ಪಕ್ಕದ ಊರುಗಳ ಹೆಂಗಸರು ಸೇರಿ 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರ ಸಂಘ ಕಟ್ಟಿದರು. ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿ ಶುರುವಿಗೆ ನೆರವಾದರು. ನ್ಯೂಯಾರ್ಕಿನ ದೊಡ್ಡ ಅಂಗಡಿಗಳಿಂದ ಆರ್ಡರ್ ಬಂತು. ಹಲವು ಹೆಂಗಸರ ಕೈಗೆ ತಮ್ಮದೇ ಅಂತ ದುಡ್ಡು ಬಂದದ್ದು ಆವಾಗ. ಅದು ಸಣ್ಣ ಮಾತಲ್ಲ.

ಆದರೆ ಆರ್ಡರ್ ಕೊಟ್ಟವರಿಗೆ ಪ್ರತಿಯೊಂದೂ ಒಂದೇ ತರ ಇರಬೇಕಿತ್ತು. ಅಳತೆ ಇಷ್ಟೇ, ಬಣ್ಣ ಇದೇ, ಹೊಲಿಗೆ ಹೀಗೇ. 1972ರಲ್ಲಿ ಸಿಯರ್ಸ್ ಕಂಪೆನಿಗೆ ಕಾರ್ಡುರಾಯ್ ಬಟ್ಟೆಯ ದಿಂಬಿನ ಕವರ್ ಹೊಲಿದು ಕೊಡುವ ಕೆಲಸ ಬಂತು. ಒಂದರ ಹಾಗೆ ಇನ್ನೊಂದು, ಸಾಲು ಸಾಲು ಕವರ್. ಅಲ್ಲಿ ಹೊಲಿಯುವವಳು ತೀರ್ಮಾನ ಮಾಡಲು ಏನೂ ಇಲ್ಲ.

ನಮ್ಮ ಹೆಂಗಸರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಬೀಡಿ ಕಟ್ಟಿದವರಿಗೆ ಗೊತ್ತು. ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ, ಸಾವಿರವೂ ಒಂದೇ ಉದ್ದ, ಒಂದೇ ದಪ್ಪ ಇರಬೇಕು. ಸ್ವಲ್ಪ ಹೆಚ್ಚು ಕಮ್ಮಿ ಆದರೆ ಬ್ರಾಂಚಿನಲ್ಲಿ ಬದಿಗೆ ಎಸೆದು ಬಿಡುತ್ತಾರೆ. ಆ ದುಡ್ಡಿನಲ್ಲಿ ಮಕ್ಕಳು ಓದಿದ್ದಾರೆ, ಮನೆಗೆ ಹಂಚು ಬಂದಿದೆ, ಮದುವೆ ಆಗಿದೆ. ಬೀಡಿ ಕೆಲಸವನ್ನು ಕಡೆಗಣಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಕಟ್ಟಿದವರು ಯಾರು ಅಂತ ಆ ಬೀಡಿ ನೋಡಿದರೆ ಗೊತ್ತಾಗುವುದಿಲ್ಲ. ಗೊತ್ತಾಗಬಾರದು ಎಂಬುದೇ ಆ ಕೆಲಸದ ನಿಯಮ.

ಜೀಸ್ ಬೆಂಡ್‌ನಲ್ಲಿ ಮುಂದೆ ನಡೆದದ್ದು ಕೇಳಿ. ದಿಂಬಿನ ಕವರ್ ಕತ್ತರಿಸಿ ಉಳಿದ ಕಾರ್ಡುರಾಯ್ ತುಂಡುಗಳನ್ನು ಹೆಂಗಸರು ಮನೆಗೆ ತಂದರು. ದಪ್ಪ ಬಟ್ಟೆ, ಕಡು ಬಣ್ಣ. ಹಗಲು ಕಂಪೆನಿಯ ಅಳತೆಗೆ ಹೊಲಿದ ಕೈಗಳೇ, ಮನೆಯಲ್ಲಿ ಆ ಉಳಿಕೆ ತುಂಡುಗಳಿಂದ ತಮ್ಮ ಮನಸ್ಸಿಗೆ ಬಂದಂತೆ ಹೊದಿಕೆ ಹೊಲಿದವು. ಉದ್ದ ಪಟ್ಟಿ, ಓರೆ ಚೌಕ, ಒಂದರೊಳಗೆ ಒಂದು ಮನೆ ಮಾಡಿನ ಹಾಗೆ ಬರುವ ಸುತ್ತುಗಳು. 2002ರಲ್ಲಿ ಹ್ಯೂಸ್ಟನ್ ನಗರದ ಲಲಿತಕಲಾ ಮ್ಯೂಸಿಯಂನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಜೀಸ್ ಬೆಂಡ್‌ನ ಹೊದಿಕೆಗಳ ಪ್ರದರ್ಶನ ಆದಾಗ, ಈ ಕಾರ್ಡುರಾಯ್ ತುಂಡಿನವೂ ಗೋಡೆಯಲ್ಲಿ ಇದ್ದವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಜೀಸ್ ಬೆಂಡ್‌ನ 10 ಹೊದಿಕೆಗಳ ಅಂಚೆಚೀಟಿ ತಂದಿತು. ಕಂಪೆನಿಗೆ ಕೊಟ್ಟ ದಿಂಬಿನ ಕವರ್‌ಗಳನ್ನು ಹೊಲಿದವರು ಯಾರೆಂದು ಕೇಳಿದವರಿಲ್ಲ. ಉಳಿಕೆಯಲ್ಲಿ ಹೊಲಿದ ಹೊದಿಕೆಗಳ ಪಕ್ಕದಲ್ಲಿ ಮಾತ್ರ ಹೊಲಿದವರ ಹೆಸರು ಬರೆದಿತ್ತು.

ಹೆಸರು ಬಂದ ಮೇಲೆ ಎಲ್ಲಾ ಸುಖವಾಯಿತು ಅಂತಲೂ ಅಲ್ಲ. ಹೊದಿಕೆಗಳ ವಿನ್ಯಾಸದಿಂದ ಬಂದ ಲಾಭದಲ್ಲಿ ತಮಗೆ ನ್ಯಾಯವಾದ ಪಾಲು ಸಿಗಲಿಲ್ಲ ಎಂದು 2007ರಲ್ಲಿ ಕೆಲವರು ಕೋರ್ಟಿಗೆ ಹೋದರು, ಮರುವರ್ಷ ರಾಜಿಯಾಯಿತು. 2024ರಲ್ಲಿ ಅಲ್ಲಿನ ಒಂದು ದೊಡ್ಡ ಅಂಗಡಿ ಸರಣಿ ಕೆಲವು ಹೆಂಗಸರ ವಿನ್ಯಾಸಗಳನ್ನು ತನ್ನ ಸಾಮಾನುಗಳ ಮೇಲೆ ಮುದ್ರಿಸಿ ಮಾರಿದಾಗ, ಅವರಿಗೆ ಕೊಟ್ಟದ್ದು ಒಂದೇ ಸಲದ ಮೊತ್ತ, ಮಾರಾಟದಲ್ಲಿ ಪಾಲಿಲ್ಲ ಎಂಬ ಟೀಕೆ ಎದ್ದಿತು. ಹೊಲಿದವಳ ಕೈಯಿಂದ ವಿನ್ಯಾಸ ಬೇರೆಯಾದ ಮೇಲೆ ಬೆಲೆ ಕಟ್ಟುವವರು ಬೇರೆಯವರೇ.

ನಮ್ಮ ರಾಜ್ಯದ ಕವಂದಿಯೂ ಮನೆಯಿಂದ ಹೊರಗೆ ಬಂದಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಆಫ್ರಿಕನ್ ಕಲೆ ಕಲಿಸುತ್ತಿದ್ದ ಹೆನ್ರಿ ಡ್ರೂವಾಲ್ ಸಿದ್ದಿ ಊರುಗಳಲ್ಲಿ ಓಡಾಡಿ, 2004ರಲ್ಲಿ ಸಿದ್ದಿ ಮಹಿಳೆಯರ ಕವಂದಿ ಸಹಕಾರ ಸಂಘ ಶುರುವಾಗಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕವಂದಿಗಳ ಪ್ರದರ್ಶನ ನಡೆಯಿತು. ಕವಂದಿ ಮಾರಿದರೆ ಕಾಡಂಚಿನ ಊರಿನ ಮನೆಗೆ ನಾಲ್ಕು ಕಾಸು ಬರುತ್ತದೆ, ಬರಲಿ. ಅದರ ಜೊತೆಗೆ ಒಂದು ಮಾತು ನೆನಪಿಡಬೇಕು. ಕೊಳ್ಳುವವರು "ನಮಗೆ ನೀಲಿ ಮತ್ತು ಬಿಳಿ ಮಾತ್ರ, ಎಲ್ಲಾ ಚೌಕ ಒಂದೇ ಅಳತೆ, ಹತ್ತು ಬೇಕು" ಅಂತ ಶುರು ಮಾಡಿದರೆ, ಹೊಲಿಯುವವಳ ಕೈಯಲ್ಲಿ ಉಳಿಯುವುದು ಸೂಜಿ ಮಾತ್ರ. ಉದ್ದ ಅಗಲ ಹೇಳಿ, ಎಷ್ಟು ದಿನದಲ್ಲಿ ಬೇಕು ಹೇಳಿ, ಆಗುವ ದಿನಗಳ ಕೂಲಿಗೆ ಸರಿಯಾಗಿ ದುಡ್ಡು ಕೊಡಿ. ಯಾವ ತುಂಡು ಎಲ್ಲಿ ಎಂಬುದನ್ನು ಅವರಿಗೆ ಬಿಡಿ.

ನಮ್ಮ ಮನೆಯಲ್ಲಿ ಒಂದು ಹೊಲಿಯುವುದಾದರೆ

ಇದನ್ನು ಓದಿ ಯಾರಿಗಾದರೂ ಕೈ ತುರಿಸಿದರೆ ಒಳ್ಳೆಯದು. ದೊಡ್ಡದಕ್ಕೆ ಕೈ ಹಾಕುವುದು ಬೇಡ. ಮಗುವಿನ ಹಾಸು ಒಂದು ಮಾಡಿ ನೋಡಬಹುದು: ಎರಡೂವರೆ ಅಡಿ ಅಗಲ, ಮೂರು ಅಡಿ ಉದ್ದ.

ಮೊದಲು ಬಟ್ಟೆ ಆಯುವುದು. ಹತ್ತಿಯ ಜೊತೆ ಹತ್ತಿ ಮಾತ್ರ. ಟೀ ಶರ್ಟಿನಂತೆ ಎಳೆದರೆ ಹಿಗ್ಗುವ ಬಟ್ಟೆ ಬೇಡ, ಜಾರುವ ಪಾಲಿಸ್ಟರ್ ಬೇಡ. ಈಗಿನ ಮನೆಗಳಲ್ಲಿ ಕಷ್ಟ ಇರುವುದೇ ಇಲ್ಲಿ. ಹಳೆ ತುಣಿ, ಕುಪ್ಪಾಯ, ಹತ್ತಿ ಸೀರೆ ಕಮ್ಮಿಯಾಗಿ, ಕಪಾಟಿನ ತುಂಬ ಪಾಲಿಸ್ಟರ್ ಬಂದಿದೆ. ಆದರೂ ಬಿಳಿ ಮುಂಡು, ಹತ್ತಿ ಲುಂಗಿ, ಮಕ್ಕಳ ಶಾಲೆಯ ಹತ್ತಿ ಅಂಗಿ, ನೈಟಿ ಇವು ಸಿಗುತ್ತವೆ. ಸಾಲದಿದ್ದರೆ ಊರಿನ ಟೈಲರ್ ಅಂಗಡಿಯಲ್ಲಿ ಕೇಳಿ, ಮೇಜಿನ ಕೆಳಗೆ ಚೀಲ ತುಂಬ ತುಂಡು ಇರುತ್ತದೆ. ಹೊಸ ಬಟ್ಟೆಯ ತುಂಡಾದರೆ ಒಮ್ಮೆ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗಿ ಹಳೆ ತುಂಡನ್ನು ಎಳೆಯುತ್ತದೆ. ಗುಂಡಿ, ಹುಕ್, ಜಿಪ್, ದಪ್ಪ ಹೊಲಿಗೆಯ ಅಂಚು ಎಲ್ಲ ಕತ್ತರಿಸಿ ತೆಗೆಯಿರಿ.

ಅಡಿಗೆ ಹರಿಯದ ಹತ್ತಿ ಬಟ್ಟೆ ಬೇಕು. ದೊಡ್ಡವರಿಗೆ ಮಾಡುವುದಾದರೆ ಒಂದು ಸೀರೆ ಸರಿ. ಐದೂವರೆ ಮೀಟರ್ ಸೀರೆಯನ್ನು ಎರಡಾಗಿ ಮಡಚಿದರೆ ಒಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದ ಉಂಟು. ಸೀರೆ ತೀರಾ ಹಳತಾದರೆ ಅಡಿಗೆ ಬೇಡ, ಒಳಪದರಕ್ಕೆ ಇಡಿ. ಆಮೇಲೆ ಮೂಲೆಯಿಂದ ಶುರು ಮಾಡಿ ಸುತ್ತು ಬನ್ನಿ. ಹೊಲಿಗೆಯ ಸಾಲುಗಳ ನಡುವೆ ಒಂದು ಬೆರಳಿನ ಅಗಲ ಇದ್ದರೆ ಸಾಕು. ಕೆಳಗಿನ ಬಟ್ಟೆ ಮುದ್ದೆ ಆಗದ ಹಾಗೆ ಎಡಗೈಯಲ್ಲಿ ಸವರುತ್ತಾ ಇರಬೇಕು. ನೂಲಿನ ಗಂಟು ಪದರದೊಳಗೆ ಅಡಗಲಿ, ಮಗುವಿನ ಮೈಗೆ ತಾಗಬಾರದು. ಎಲ್ಲಾ ತುಂಡನ್ನೂ ಮೊದಲೇ ಚೌಕ ಚೌಕ ಕತ್ತರಿಸಿ ಇಟ್ಟುಕೊಳ್ಳುವುದು ಬೇಡ. ಹಾಗೆ ಮಾಡಿದರೆ ಕೆಲಸ ಬೇಗ ಆಗಬಹುದು, ಆದರೆ ತುಂಡು ನೋಡಿ ಯೋಚಿಸುವ ಅವಕಾಶ ತಪ್ಪಿತು. ಇದ್ದ ಆಕಾರದಲ್ಲೇ ಇಟ್ಟು ನೋಡಿ, ಬೇಕಾದಷ್ಟೇ ಕತ್ತರಿಸಿ.

ಕರಾವಳಿಯವರಿಗೆ ಒಂದು ಎಚ್ಚರಿಕೆ. ಪದರ ಜಾಸ್ತಿಯಾದರೆ ಆಟಿ ತಿಂಗಳಲ್ಲಿ ಒಣಗುವುದಿಲ್ಲ, ಬೂಸ್ಟು ಬರುತ್ತದೆ. ಅಡಿ ಸೇರಿ ಮೂರು ಪದರ ದಾಟದಿರಲಿ. ಮಳೆ ಬರುವ ಮೊದಲು ನಾಲ್ಕು ದಿನ ಒಳ್ಳೆ ಬಿಸಿಲಿಗೆ ಹಾಕಿ ತೆಗೆದಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಗಾಳಿಯಾಡುವ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ.

ಇನ್ನೊಂದು ಕೆಲಸ ಹೊಲಿಗೆಗಿಂತ ಮೊದಲು ಆಗಬೇಕಾದದ್ದು. ಮನೆಯಲ್ಲಿ, ನೆರೆಯಲ್ಲಿ, ಹಳೆ ಬಟ್ಟೆಯಲ್ಲಿ ಹೊದಿಕೆ ಹೊಲಿದು ಗೊತ್ತಿರುವ ಉಮ್ಮಂದಿರು, ಅಜ್ಜಿಯಂದಿರು ಇನ್ನೂ ಇದ್ದಾರೆ. ಅವರ ಹತ್ತಿರ ತುಂಡುಗಳ ಚೀಲ ಹಿಡಿದುಕೊಂಡು ಹೋಗಿ. ಹೇಗೆ ಮಾಡುವುದು ಅಂತ ಬಾಯಲ್ಲಿ ಕೇಳಿದರೆ "ಅದರಲ್ಲಿ ಎಂತ ಉಂಟು" ಅಂತಲೇ ಹೇಳುತ್ತಾರೆ. ಚೀಲ ಮುಂದೆ ಸುರಿದು ಬಿಡಿ, ಸುಮ್ಮನೆ ಕೂತು ನೋಡಿ. ಕನ್ನಡಕ ಹಾಕಿಕೊಂಡು ಒಂದು ತುಂಡು ಎತ್ತುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಬದಿಗೆ ಇಡುತ್ತಾರೆ, ಇನ್ನೊಂದು ಎತ್ತುತ್ತಾರೆ. ಯಾಕೆ ಬದಿಗೆ ಇಟ್ಟಿರಿ ಅಂತ ಆವಾಗ ಕೇಳಬೇಕು. ಸೂಜಿಗೆ ನೂಲು ಪೋಣಿಸಿ ಕೊಡುವ ಕೆಲಸ ಮೊಮ್ಮಕ್ಕಳಿಗೆ ಇರಲಿ.

ಮುಗಿದ ಮೇಲೆ ಹಿಂಬದಿಯ ಒಂದು ಮೂಲೆಯಲ್ಲಿ, ಹೊಲಿದವರ ಹೆಸರು ಮತ್ತು ವರ್ಷವನ್ನು ಬಣ್ಣದ ನೂಲಿನಲ್ಲಿ ಹೊಲಿದಿಡಿ. ಯಾರ ಅಂಗಿ, ಯಾರ ಸೀರೆ ಅದರಲ್ಲಿ ಸೇರಿದೆ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಜೊತೆಗೆ ಇಟ್ಟುಕೊಳ್ಳಿ.